ಸಿಂಪ್ಲಿಫೈ ಮತ್ತು ಒಂದು ಮಣ್ಣಿನ ಹೆಂಟೆ

ನನ್ನ ಮೇಜಿನ ಮೇಲೆ ಒಂದು ಮಣ್ಣಿನ ಹೆಂಟೆ ಇದೆ. ಮೇಜಿನ ಮೇಲೆ ಎಂದರೆ ನಟ್ಟನಡುವೆ ಅಲ್ಲ, ಕಿಟಕಿಯ ಕಡೆಗಿನ ಮೂಲೆಯಲ್ಲಿ, ಹಿಂದೆ ಮಸಿಕುಡಿಕೆ ಇರುತ್ತಿದ್ದ ಜಾಗದಲ್ಲಿ. ಈಗ ದೊಡ್ಡದೊಂದು ನಿಂಬೆಹಣ್ಣಿನಷ್ಟಿದೆ. ಮೊದಲು ಸೀತಾಫಲದಷ್ಟಿತ್ತು. ಕಪ್ಪು ಮಣ್ಣು, ಒಣಗಿ ಬೂದಿ ಬಣ್ಣಕ್ಕೆ ಬಂದಿದೆ. ಒಂದು ಬದಿಯಲ್ಲಿ ಹೆಬ್ಬೆರಳು ಒತ್ತಿದ ಗುಳಿ ಇದೆ. ಹೆಬ್ಬೆರಳು ನನ್ನದಲ್ಲ.

ಕಳೆದ ವಾರ, ಮನೆಗೆ ಹೊಸದಾಗಿ ಬಂದಿರುವ ಸೊಸೆ ಮೇಜು ಒರೆಸುತ್ತ ಅದನ್ನು ಎತ್ತಿ ಹಿಡಿದಳು.

"ಮಾವಾರ, ಇದೇನ್ರಿ ಇದು? ಒಗೀಲೇನು?"

"ಬ್ಯಾಡವ್ವ."

"ದೇವರದೇನ್ರಿ?"

"ಅಲ್ಲ."

"ಔಷಧಿದೇನ್ರಿ?"

"ಅದೂ ಅಲ್ಲ. ಅದು ಏನಂದ್ರ... ನೋಡವ್ವ, ಕೆಂಚನಗುಡ್ಡದ ಕಡಿಂದ ಒಂದು ಹಳೇ ಕಾಲಿವಿ ಬರತೈತಿ..."

"ಮಾವಾರ, ಒಲಿ ಮ್ಯಾಲೆ ಹಾಲಿಟ್ಟು ಬಂದೀನಿ. ಒಂದ ಮಾತಿನಾಗ ಹೇಳ್ರಲ್ಲ."

ಒಂದು ಮಾತಿಗಾಗಿ ನಾನು ಹುಡುಕುತ್ತಿರುವಾಗಲೇ ಹಾಲು ಉಕ್ಕಿತು. ಉಕ್ಕಿದ್ದಕ್ಕೆ ಕಾರಣ ನಾನೇ ಎಂದು ನನ್ನ ಹೆಂಡತಿ ಒಳಗಿನಿಂದಲೇ ತೀರ್ಪು ಕೊಟ್ಟಳು. "ಅವರನ್ನ ಏನೂ ಕೇಳಬ್ಯಾಡವ್ವ. ಟೈಮ್ ಎಷ್ಟಾತು ಅಂದ್ರ ಗಡಿಯಾರ ಯಾರು ತಂದ್ರು ಅನ್ನೋದರಿಂದ ಸುರು ಮಾಡತಾರ."

ಈ ಆಪಾದನೆ ಪೂರ್ತಿ ಸುಳ್ಳಲ್ಲ. ನಮ್ಮ ಮನೆಯ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಅದನ್ನು ಹೇಳದೆ ಸಮಯವನ್ನಷ್ಟೇ ಹೇಳಿದರೆ ಕೇಳಿದವರಿಗೆ ಮೋಸ ಮಾಡಿದಂತಾಗುವುದಿಲ್ಲವೇ? ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಬ್ಬ ಅಪರಿಚಿತರು ರೈಲು ಸ್ಟೇಷನ್ನಿನ ದಾರಿ ಕೇಳಿದರು. ಎರಡು ದಾರಿಗಳಿವೆ. ಒಂದು ಹತ್ತಿರದ್ದು, ಆದರೆ ಮಧ್ಯದಲ್ಲಿ ಚರಂಡಿ ಅಗೆದಿದ್ದಾರೆ. ಇನ್ನೊಂದು ಸುತ್ತು, ಆದರೆ ನೆರಳಿದೆ. ನಾನು ನೆರಳಿನವರೆಗೆ ಬರುವಷ್ಟರಲ್ಲಿ ಅವರು ನನಗೆ ಕೈಮುಗಿದು, ಎದುರಿಗೆ ಬಂದ ಜಟಕಾದವನನ್ನು ಕೇಳಿದರು. ಅವನು ಕೈ ಚಾಚಿ "ಸೀದಾ" ಎಂದ. ಸೀದಾ ಹೋದರೆ ಒಂದು ಗೋಡೆ ಸಿಗುತ್ತದೆ. ಅವರು ಸಂತೋಷದಿಂದ ಸೀದಾ ಹೋದರು.

ಓದುಗರು ನಂಬಲಿಕ್ಕಿಲ್ಲ. ಒಂದು ಕಾಲದಲ್ಲಿ ನಾನು ಬಳ್ಳಾರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಎಲ್ಲರಿಗಿಂತ ಚುಟುಕಾಗಿ ಬರೆಯುವವನೆಂದು ಹೆಸರು ಮಾಡಿದ್ದೆ. ಆ ಕೆಲಸಕ್ಕೆ ಸರ್ಕಾರವೇ ಸಂಬಳ ಕೊಡುತ್ತಿತ್ತು.

ವಂಶದಲ್ಲಿ ಆ ಗುಣ ಇರಲಿಲ್ಲ. ನಮ್ಮೂರು ಕುರುಗೋಡಿನಲ್ಲಿ ನಮ್ಮಜ್ಜಿಯನ್ನು "ಅಪ್ಪ ಎಲ್ಲಿ?" ಎಂದು ಕೇಳಿದರೆ ಉತ್ತರ ಬೆಳಗಿನಿಂದ ಶುರುವಾಗುತ್ತಿತ್ತು. "ಮುಂಜಾನಿ ಎದ್ದ. ಮಜ್ಜಿಗಿ ಕುಡದ. ರೊಟ್ಟಿ ತಿನ್ನಪ್ಪ ಅಂದ್ರ ಒಲ್ಲೆ ಅಂದ..." ಅಜ್ಜಿಯ ಮಾತಿನಲ್ಲಿ ಅಪ್ಪ ಎತ್ತು ಬಿಚ್ಚಿಕೊಂಡು, ಗುಡ್ಡದ ಕೆಳಗೆ ಕಲ್ಲು ಒಡೆಯುವವರ ಹತ್ತಿರ ನಿಂತು ಮಾತಾಡಿ, ಅಂತೂ ಹೊಲ ಮುಟ್ಟುವ ಹೊತ್ತಿಗೆ ನಿಜವಾದ ಅಪ್ಪ ಹೊಲದಿಂದ ತಿರುಗಿ ಬಂದು ಕೈಕಾಲು ತೊಳೆಯುತ್ತಿರುತ್ತಿದ್ದ. ಅಜ್ಜಿಗೆ ಅದರಿಂದ ಏನೂ ಬೇಸರವಾಗುತ್ತಿರಲಿಲ್ಲ. "ನೋಡು, ಬಂದ" ಎಂದು ಮುಗಿಸುತ್ತಿದ್ದಳು.

ಹೈಸ್ಕೂಲಿಗೆ ನಾನು ಬಳ್ಳಾರಿಗೆ ಬಂದೆ. ಯುದ್ಧದ ದಿನಗಳು, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆಯೊಂದನ್ನು ಕಟ್ಟಿ, ಅದರ ಹೊಗೆಯಿಂದ ಗಾಡಿ ಓಡಿಸುತ್ತಿದ್ದರು. ಏರು ಬಂದಲ್ಲಿ ನಾವೆಲ್ಲ ಇಳಿದು ತಳ್ಳುತ್ತಿದ್ದೆವು. ಹಾಗೆ ತಳ್ಳಿಕೊಂಡು, ಮುಖದ ತುಂಬ ಮಸಿ ಬಳಿದುಕೊಂಡು ನಾನು ವಿದ್ಯೆಯ ಕಡೆಗೆ ಬಂದೆ. ಅಲ್ಲಿ ಗಣಿತದ ಪುಸ್ತಕದಲ್ಲಿ ಆ ಶಬ್ದ ಮೊದಲು ಕಂಡಿತು. ಒಂದು ಗೆರೆ ಉದ್ದದ ಲೆಕ್ಕ, ಕಂಸದೊಳಗೆ ಕಂಸ, ಅದರೊಳಗೆ ಭಿನ್ನರಾಶಿಗಳ ಜಾತ್ರೆ, ತಲೆಯ ಮೇಲೆ ಒಂದೇ ಒಂದು ಇಂಗ್ಲಿಷ್ ಮಾತು: ಸಿಂಪ್ಲಿಫೈ. ಮಾಸ್ತರರು ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಮೇಲೊಂದು ಕೆಳಗೊಂದು ಹೊಡೆಯುತ್ತ ಹೋದರು. ಕೊನೆಗೆ ಉಳಿದದ್ದು ಒಂದು. ಒಂದು ಎಂಬ ಅಂಕಿ, ಅಷ್ಟೇ.

"ಉಳಿದವೆಲ್ಲ ಎಲ್ಲಿಗೆ ಹೋದ್ವು ಸಾರ್?" ಎಂದು ಕೇಳಿದೆ.

"ಒಂದನ್ನೊಂದು ತಿಂದ್ವು. ಕುಂದರಲೇ ಕೆಳಗ."

ಆ ದಿನ ನನಗಾದ ಆನಂದವನ್ನು ಮುಚ್ಚಿಡುವುದಿಲ್ಲ. ಅಜ್ಜಿಯ ಮೊಮ್ಮಗನಿಗೆ ಮೊದಲ ಬಾರಿ ಗೊತ್ತಾಯಿತು, ಎಷ್ಟು ಉದ್ದದ ಸಂಗತಿಯನ್ನಾದರೂ ಹೊಡೆದು ಹೊಡೆದು ಒಂದಕ್ಕೆ ತರಬಹುದೆಂದು.

ಓದು ಮುಗಿದ ಮೇಲೆ ಸಿಕ್ಕ ಕೆಲಸವೂ ಅಂಥದ್ದೇ. ಹಳ್ಳಿಗಳಿಂದ ಬಂದವರು ಕನ್ನಡದಲ್ಲಿ ಹೇಳಿಕೆ ಕೊಡುತ್ತಾರೆ, ನಾನು ಅದನ್ನು ಇಂಗ್ಲಿಷಿನಲ್ಲಿ ಬರೆದು ಸಾಹೇಬರ ಮುಂದೆ ಇಡಬೇಕು. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಸಾಹೇಬರು ಗೋದಾವರಿಯ ಕಡೆಯವರು, ತೆಲುಗು ಮನೆಮಾತು, ಕನ್ನಡ ಬರುತ್ತಿರಲಿಲ್ಲ. ಕೆಟ್ಟವರಲ್ಲ. ತಲೆನೋವಿನ ಮನುಷ್ಯ. ನಾನು ಬರೆದ ಮೊದಲ ಹೇಳಿಕೆ ಏಳು ಪುಟವಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಸಿಂಪ್ಲಿಫೈ, ಮಿಸ್ಟರ್ ಪಂಪಾಪತಿ, ಸಿಂಪ್ಲಿಫೈ" ಎಂದು ನನಗೇ ತಿರುಗಿ ಕೊಟ್ಟರು. ಹಳೆಯ ಗೆಳೆಯನನ್ನು ಕಂಡಂತಾಯಿತು.

ಅಂದೇ ಒಂದು ನೋಟುಬುಕ್ಕು ಕೊಂಡೆ. ಕಚೇರಿಯಲ್ಲಿದ್ದ ದಪ್ಪ ನಿಘಂಟಿನಿಂದ ಆ ಶಬ್ದದ ಅಣ್ಣತಮ್ಮಂದಿರನ್ನೆಲ್ಲ ಅದರಲ್ಲಿ ಬರೆದುಕೊಂಡೆ. ಬರಿದೇ ಅರ್ಥ ಬರೆದರೆ ಸಾಲದೆಂದು, ಯಾವುದನ್ನು ಎಲ್ಲಿ ಬಳಸಬೇಕೆಂದು ನನ್ನದೇ ಟಿಪ್ಪಣಿಯನ್ನೂ ಹಾಕಿದೆ. ಆ ನೋಟುಬುಕ್ಕು ಈಗಲೂ ಇದೆ. ಹೆಂಟೆಯ ಕೆಳಗೇ ಇದೆ. 'ಕ್ಲಾರಿಫೈ' ಎಂಬುದರ ಎದುರಿಗೆ "ತಿಳಿಮಾಡು, ಬೆಣ್ಣೆ ಕಾಸಿ ತುಪ್ಪ ಮಾಡಿದಂತೆ" ಎಂದಿದೆ. 'ಅಬ್ರಿಜ್' ಎದುರಿಗೆ "ಅಂಗಿಯ ತೋಳು ಕತ್ತರಿಸಿದಂತೆ, ಅಂಗಿ ಅಂಗಿಯಾಗಿಯೇ ಉಳಿಯಬೇಕು" ಎಂದಿದೆ. 'ಫೆಸಿಲಿಟೇಟ್' ಎದುರಿಗೆ, ವಯಸ್ಸಿಗೆ ಮೀರಿದ ಅನುಭವದಿಂದ, "ಸುಲಭಗೊಳಿಸು, ಈ ಶಬ್ದವಿರುವ ಸುತ್ತೋಲೆ ಬಂದರೆ ಕಚೇರಿಗೆ ಹೊಸದೊಂದು ಕೆಲಸ ಬಂತೆಂದು ತಿಳಿಯುವುದು" ಎಂದು ಬರೆದಿದ್ದೇನೆ. 'ಈಸ್' ನೋವಿಗೆ ಬಳಸುವ ಮಾತು, 'ರಿಡ್ಯೂಸ್' ಸಾರಿಗೂ ಸಿಬ್ಬಂದಿಗೂ ಸಲ್ಲುತ್ತದೆ. ಇವೆಲ್ಲಕ್ಕೂ ಹಿರಿಯಣ್ಣನಾದ ಸಿಂಪ್ಲಿಫೈ ಎದುರಿಗೆ ಮಾತ್ರ ಉದಾಹರಣೆ ಇಲ್ಲ. "ಸರಳಗೊಳಿಸು" ಎಂದಷ್ಟೇ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಯಾರಿಗೆ ಸರಳ ಎಂಬ ಪ್ರಶ್ನೆ ಆಗ ಹೊಳೆದಿರಲಿಲ್ಲ.

ಒಂದು ವರ್ಷದಲ್ಲಿ ನನ್ನ ಹೇಳಿಕೆಗಳು ಏಳು ಪುಟದಿಂದ ಅರ್ಧ ಪುಟಕ್ಕೆ ಇಳಿದವು. ಸಾಹೇಬರ ತಲೆನೋವೂ ಇಳಿಯಿತೆಂದು ಹೇಳುತ್ತಿದ್ದರು. ಅದು ನನ್ನ ಕೈಗುಣವೋ ಅವರು ಹಚ್ಚಿಕೊಳ್ಳುತ್ತಿದ್ದ ಅಮೃತಾಂಜನದ್ದೋ ನಾನು ಹೇಳಲಾರೆ.

ಇಂಥ ಸುಖದ ದಿನಗಳಲ್ಲಿ, ಮಳೆಗಾಲಕ್ಕೆ ಮುಂಚೆ, ಸಿರುಗುಪ್ಪದಲ್ಲಿ ಸಾಹೇಬರ ಕ್ಯಾಂಪು ಬಿತ್ತು. ಪ್ರವಾಸಿ ಬಂಗಲೆಯ ಒಳಕೋಣೆಯಲ್ಲಿ ಸಾಹೇಬರು, ಹೊರಗಿನ ಪಡಸಾಲೆಯಲ್ಲಿ ನಾನು. ಕರೂರಿನಿಂದ ಬಸಮ್ಮ ಎಂಬ ವಿಧವೆ ಅರ್ಜಿ ಹಿಡಿದು ಬಂದಳು. ಐವತ್ತರ ಮೇಲಿನ ವಯಸ್ಸು, ಎಲೆಅಡಿಕೆಯ ಬಾಯಿ. ನಡೆದೇ ಬಂದಿದ್ದಳು, ಕಾಲು ಧೂಳಾಗಿದ್ದವು. ನನ್ನ ಮುಂದೆ ಕುರ್ಚಿ ಇದ್ದರೂ ನೆಲದ ಮೇಲೆ ಕೂತು, ಕೂತಲ್ಲಿಂದಲೇ ನನಗೆ ಅಪ್ಪಣೆ ಮಾಡಿದಳು.

"ಬರಕೊಳ್ಳಪ್ಪ ತಮ್ಮ. ನಮ್ಮ ಕಾಲಿವಿಗೆ ಒಂಬತ್ತು ಗದ್ದಿ. ಮ್ಯಾಲಿಂದು, ಮೊದಲನೇದು, ನಮ್ಮ ಮೈದುನ ರುದ್ರಗೌಡಂದು. ಎಲ್ಲಾಕ್ಕಿಂತ ಕೆಳಗಿಂದು ನಂದು. ಬರದಿ?"

"ಬರದೆನವ್ವ."

"ಹೊಳಿ ನೀರು ಮೊದಲ ಸಲ ಕಾಲಿವಿಗೆ ಬಿಟ್ಟ ದಿನ, ಮ್ಯಾಲಿನ ಎಂಟೂ ಮಂದಿ ತಮ್ಮ ತಮ್ಮ ಗದ್ದಿ ಬಾಯಿಗೆ ಮಣ್ಣು ಮೆತ್ತಬೇಕು. ನೀರು ಯಾರ ಕಡೀಗೂ ಹೊಳ್ಳಂಗಿಲ್ಲ. ಸೀದಾ ನನ್ನ ಗದ್ದಿಗೆ ಬರಬೇಕು. ನನ್ನ ಗದ್ದಿ ಕಡೀ ಮೂಲಿ ತೋಯ್ದ ಮ್ಯಾಲೆ, ಆ ಮೂಲ್ಯಾಗಿಂದ ಹಸಿ ಮಣ್ಣು ತಗದು ಹೆಂಟಿ ಮಾಡಿ ನೀರಗಂಟಿ ಕೈಯಾಗ ಕೊಡತೀನಿ. ಅಂವ ಕಾಲಿವಿ ದಂಡಿ ಹಿಡದು ಮ್ಯಾಲಕ ಹೋಗಿ ರುದ್ರಗೌಡನ ಕೈಯಾಗ ಇಡತಾನ. ಹೆಂಟಿ ಹಸಿ ಐತಿಲ್ಲೋ ಅಂತ ಅಂವ ಹೆಬ್ಬಟ್ಟಿಲೆ ಒತ್ತಿ ನೋಡಬೇಕು. ನೋಡಿ ಆಮ್ಯಾಲೆ ತನ್ನ ಗದ್ದಿ ಬಾಯಿ ಬಿಚ್ಚಬೇಕು."

ನೀರಗಂಟಿ ಎಂದರೆ ಕಾಲುವೆಯ ನೀರು ಹಂಚುವ ಊರಿನ ಆಳು. ಈ ಪದ್ಧತಿಗೆ ಕಾರಣವನ್ನೂ ಅವಳು ಹೇಳಿದಳು. ಮೊದಲ ನೀರು ಮೇಲಿನವರಿಗೇ ಸಿಕ್ಕರೆ ಕೆಳಗಿನ ಹೂಳನ್ನು ಯಾರೂ ತೆಗೆಯುವುದಿಲ್ಲ. ಕೊನೆಯ ಗದ್ದೆ ತೋಯುವವರೆಗೆ ತಮಗೆ ನೀರಿಲ್ಲ ಎಂದಾಗ ಮೇಲಿನವರೇ ಸಲಿಕೆ ಹಿಡಿದು ಕೆಳಗಿನ ತುದಿಯವರೆಗೆ ಕಾಲುವೆ ಸ್ವಚ್ಛ ಮಾಡುತ್ತಾರೆ. ಒಮ್ಮೆ ಹೆಂಟೆ ಮೇಲೆ ಹೋಯಿತೆಂದರೆ ಅಲ್ಲಿಂದ ಮುಂದೆ ಎಲ್ಲರೂ ಸರದಿಯಂತೆ ನೀರು ತೆಗೆದುಕೊಳ್ಳುತ್ತಾರೆ.

"ನಮ್ಮತ್ತಿ ಕಾಲದಿಂದ ಹಿಂಗ ಐತಿ. ಈ ವರ್ಷ ರುದ್ರಗೌಡ 'ಹೆಂಟಿ-ಪಂಟಿ ಎಲ್ಲಾ ಹಳೇ ಮಂದಿ ಆಟ ಅತ್ತಿಗಿ, ಈಗ ಸ್ವರಾಜ್ಯ ಬಂದೈತಿ' ಅಂತಾನ. ಸ್ವರಾಜ್ಯ ಬಂದ್ರ ನೀರು ಮ್ಯಾಲಿಂದ ಕೆಳಗ ಹರಿಯಾದು ಬಿಟ್ಟೈತೇನು?"

ನಡುವೆ ಎಂಟು ಗದ್ದೆಗಳ ಎಂಟು ಯಜಮಾನರ ಸ್ವಭಾವ, ಯಾರ ಹೆಂಡತಿ ಯಾರಿಗೆ ಏನಾಗಬೇಕು, ಒಮ್ಮೆ ಹೆಂಟೆ ಒಯ್ಯುತ್ತಿದ್ದ ನೀರಗಂಟಿ ನೆಂಟರ ಮನೆಯಲ್ಲಿ ಉಣ್ಣಲು ಕೂತು ಹೆಂಟೆ ಒಣಗಿಹೋದದ್ದು, ಒಣ ಹೆಂಟೆ ಒಪ್ಪುವುದಿಲ್ಲವೆಂದು ಅವನನ್ನು ತಿರುಗಿ ಓಡಿಸಿದ್ದು, ಎಲ್ಲವೂ ಬಂತು. ನಾನು ಲಕ್ಷ್ಯಗೊಟ್ಟು ಕೇಳಿದೆ. ನಮ್ಮಜ್ಜಿಯೇ ಕೂತು ಮಾತಾಡಿದಂತಿತ್ತು. ಮಾತು ಮುಗಿದ ಮೇಲೆ ಪೆನ್ನು ಎತ್ತಿಕೊಂಡು, ಮಾಸ್ತರರು ಕಲಿಸಿದ ಪ್ರಕಾರ, ಹೊಡೆಯುತ್ತ ಬಂದೆ.

ನಾನು ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು: ಅರ್ಜಿದಾರಳಿಗೆ ಕಾಲುವೆಯ ಕೊನೆಯಲ್ಲಿ ಗದ್ದೆ ಇದೆ. ಆ ಕಾಲುವೆಯಿಂದ ಒಂಬತ್ತು ಗದ್ದೆಗಳು ಸರದಿಯಂತೆ ನೀರು ಪಡೆಯುತ್ತವೆ. ಮೇಲಿನ ಗದ್ದೆಯವನು ಸರದಿ ಮುರಿಯುವನೆಂದು ಅವಳಿಗೆ ಭಯವಿದೆ. ಸರದಿಯನ್ನು ಪಾಲಿಸುವಂತೆ ಹುಕುಂ ಆಗಬೇಕು.

ಇದರಲ್ಲಿ ಒಂದೂ ಸುಳ್ಳಿಲ್ಲ. ಎಷ್ಟೋ ಸಲ ಓದಿ ನೋಡಿದ್ದೇನೆ.

ಹೇಳಿಕೆ ಕೊಟ್ಟವರಿಗೆ ಅದನ್ನು ಓದಿ ಹೇಳಿ, ಒಪ್ಪಿಗೆ ಪಡೆದು, ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕೆಂಬುದು ನಿಯಮ. ನಾನು ಕಾಗದವನ್ನು ಮುಖದ ಮುಂದೆ ಹಿಡಿದೆ. ನಾಲ್ಕು ಸಾಲು ಓದಿ ನಿಲ್ಲಿಸಲು ಮನಸ್ಸಾಗಲಿಲ್ಲ. ಅಷ್ಟು ದೂರದಿಂದ ನಡೆದು ಬಂದ ಹೆಂಗಸು, ಅಷ್ಟು ಹೊತ್ತು ಮಾತಾಡಿದ್ದಾಳೆ. ನನಗೆ ನೆನಪಿನ ಶಕ್ತಿ ಚೆನ್ನಾಗಿತ್ತು. ಆದ್ದರಿಂದ ಕಾಗದವನ್ನು ನೋಡುತ್ತ, ಕಾಗದದಲ್ಲಿಲ್ಲದ್ದನ್ನೆಲ್ಲ, ಅವಳು ಹೇಳಿದ ಹಾಗೇ, ಹೆಂಟೆ, ಹೆಬ್ಬೆಟ್ಟು, ನೆಂಟರ ಮನೆಯ ಊಟ ಒಂದನ್ನೂ ಬಿಡದೆ, ಕನ್ನಡದಲ್ಲಿ ಓದಿ ಹೇಳಿದೆ. ಮಧ್ಯದಲ್ಲಿ ಒಂದು ಸಲ ಪುಟ ತಿರುಗಿಸಿದ ಹಾಗೂ ಮಾಡಿದೆನೆಂದು ನೆನಪು. ಇದನ್ನು ನಾನು ಆಗ ದಯೆ ಎಂದುಕೊಂಡಿದ್ದೆ.

ಬಸಮ್ಮ ಬಾಯಲ್ಲಿನ ಎಲೆಅಡಿಕೆ ಅಗಿಯುವುದನ್ನೂ ನಿಲ್ಲಿಸಿ ಕೇಳಿದಳು. ಆಮೇಲೆ ಎದ್ದು ಬಂದು ಕಾಗದವನ್ನು ಹತ್ತಿರದಿಂದ ನೋಡಿದಳು.

"ಇಷ್ಟೆಲ್ಲಾ ಇಷ್ಟ ಕಾಗದದಾಗ ಹಿಡೀತೇನು?"

"ಹಿಡೀತವ್ವ."

"ಇಂಗ್ಲೀಷು ಭಾಳ ಚಲೋ ಭಾಷಿ ಬಿಡಪ್ಪ. ಜಾಗಾ ತಿನ್ನಂಗಿಲ್ಲ."

ಹೆಬ್ಬೆಟ್ಟು ಒತ್ತಿ ಹೋದಳು.

ಸಾಹೇಬರು ನಾಲ್ಕು ಸಾಲು ಓದಿ, ನನ್ನನ್ನು ನೋಡಿ ಒಮ್ಮೆ ನಕ್ಕು, ಮೂರು ಸಾಲಿನ ಹುಕುಂ ಬರೆದರು. ಅರ್ಜಿ ಮಂಜೂರಾಗಿದೆ. ಸರದಿಯನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ಮೊದಲನೆಯ ಗದ್ದೆಯಿಂದ ಶುರುವಾಗಿ ಒಂಬತ್ತನೆಯದರವರೆಗೆ. ಸರದಿ ಎಂದ ಮೇಲೆ ಅದು ಒಂದರಿಂದಲೇ ಶುರುವಾಗಬೇಕಷ್ಟೆ. ಆ ಹುಕುಮಿನ ಪ್ರತಿಯನ್ನು ಅಂದವಾಗಿ ಬರೆದವನು ನಾನೇ. ಬರೆಯುತ್ತಿದ್ದುದರ ಅರ್ಥದ ಕಡೆ ಗಮನವೇ ಇರಲಿಲ್ಲ. ಅಕ್ಷರ ದುಂಡಗೆ ಬರುತ್ತಿವೆಯೇ ಎಂದಷ್ಟೇ ನೋಡುತ್ತಿದ್ದೆ.

ಮಳೆ ಶುರುವಾಗಿ ಹೊಳೆ ತುಂಬಿ ಕಾಲುವೆಗೆ ನೀರು ಬಿಟ್ಟ ಮೇಲೆ, ಮತ್ತೆ ಸಿರುಗುಪ್ಪದಲ್ಲಿ ಕ್ಯಾಂಪು. ಅದೇ ಪಡಸಾಲೆ. ಬಸಮ್ಮ ಬಂದಳು. ಈ ಸಲ ಒಂದು ಕೈಯಲ್ಲಿ ಹುಕುಮಿನ ಕಾಗದ, ಇನ್ನೊಂದರಲ್ಲಿ ಭತ್ತದ ಸಸಿಯ ಒಂದು ಕಟ್ಟು. ಮೊಣಕೈ ಉದ್ದ ಬೆಳೆದು, ತುದಿ ಹಳದಿಯಾಗಿದ್ದವು.

"ನೋಡಪ್ಪ ತಮ್ಮ, ಎಲ್ಲಾರೂ ನಾ ಗೆದ್ದೀನಿ ಅಂತಾರ. ಗೆದ್ದೀನೇನು?"

"ಅರ್ಜಿ ಮಂಜೂರಾಗೇತವ್ವ."

"ಗೆದ್ದಮ್ಯಾಲೆ ನೀರು ಯಾಕ ಬರವಲ್ದು?"

ಅವಳೇ ಹೇಳಿದಳು. ರುದ್ರಗೌಡ ಹುಕುಂ ಹಿಡಿದುಕೊಂಡು ಮೊದಲ ದಿನವೇ ತನ್ನ ಗದ್ದೆಯ ಬಾಯಿ ಬಿಚ್ಚಿದ್ದ. "ಸಾಹೇಬ್ರ ಮಾತು ಅತ್ತಿಗಿ, ಅದೂ ನಿನ್ನ ಅರ್ಜಿ ಮ್ಯಾಲೆ ಆಗಿದ್ದು. ನಾ ಹ್ಯಾಂಗ ಮುರೀಲಿ?" ಎಂದಿದ್ದ. ತನಗೆ ನೀರು ಬಂದ ಮೇಲೆ ಕೆಳಗಿನ ಹೂಳು ಅವನಿಗೇಕೆ? ಎರಡನೆಯವನಿಗೂ ಹಾಗೇ. ಕಾಲುವೆ ಆರನೆಯ ಗದ್ದೆಯ ಹತ್ತಿರ ಹೂಳಿನಲ್ಲಿ ನಿಂತುಬಿಟ್ಟಿತ್ತು. ಬಸಮ್ಮನ ಗದ್ದೆ ಬಿರುಕು ಬಿಟ್ಟಂತೆಯೇ ಇತ್ತು. ಮಡಿಯಲ್ಲಿ ಹಾಕಿದ್ದ ಸಸಿ ನಾಟಿಯ ಹದ ದಾಟಿತ್ತು.

"ಸಸಿ ಮುದುಕ್ಯಾಗ್ಯಾವ" ಎಂದು ಕಟ್ಟನ್ನು ನನ್ನ ಮೇಜಿನ ಮೇಲಿಟ್ಟಳು. "ಇನ್ನ ಹಚ್ಚಿದ್ರೂ ತೆನಿ ಕಟ್ಟಂಗಿಲ್ಲ. ಹೋಗಲಿ. ನೀ ಒಂದು ಕೆಲಸ ಮಾಡು. ಅವತ್ತಿನ ಕಾಗದ ತಗದು ನೋಡು. ನನ್ನ ಹೆಂಟಿ ಮಾತು ಇಂಗ್ಲೀಷಿನಾಗ ಎಲ್ಲೋ ಕೆಳಗ ಬಿದ್ದೈತಿ. ಸಾಹೇಬ್ರ ಕಣ್ಣಿಗೆ ಕಂಡಿಲ್ಲ. ನೀ ಓದಿದಾಗ ಇತ್ತು. ನಾನ ಕೇಳೀನಿ."

ಅವಳು ನನ್ನ ಮೇಲೆ ಒಂದಿಷ್ಟೂ ಸಂಶಯಪಡಲಿಲ್ಲ. ಇಂಗ್ಲಿಷಿನ ಮೇಲೆ ಪಟ್ಟಳು, ಸಾಹೇಬರ ಕಣ್ಣಿನ ಮೇಲೆ ಪಟ್ಟಳು. ಅವಳು ಬೈದಿದ್ದರೆ ನಾನು ನಿಯಮ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ಹೆಬ್ಬೆಟ್ಟು ಒತ್ತೀರಲ್ಲವ್ವ ಎನ್ನುತ್ತಿದ್ದೆ. ಬೈಯದೆ, ಹುಡುಕು ಎಂದು ಕೂತಳು. ನಾನು ಕಡತದ ಕಟ್ಟಿನಿಂದ ಆ ಕಾಗದ ತೆಗೆದೆ. ನಾಲ್ಕು ಸಾಲು, ಅದರ ಕೆಳಗೆ ಅವಳ ಹೆಬ್ಬೆರಳಿನ ಗೆರೆಗಳು, ನನ್ನ ಬರಹಕ್ಕಿಂತ ಹೆಚ್ಚು ಜಾಗ ಹಿಡಿದಿದ್ದವು.

"ಇದರಾಗ ಇಲ್ಲವ್ವ" ಎಂದೆ.

"ಇಲ್ಲಂದ್ರ?"

"ನಾ ಬರದಿಲ್ಲ."

"ಮತ್ತ ಅವತ್ತು ಓದಿದ್ದು?"

"ಕಾಗದ ನೋಡಿ ಓದಲಿಲ್ಲ. ನೀವು ಹೇಳಿದ್ದನ್ನ ನೆನಪಿಟ್ಟು ಹೇಳಿದೆ."

ಅವಳು ನನ್ನ ಮುಖ ನೋಡಿದಳು. ಸಿಟ್ಟಿಗಿಂತ ಹೆಚ್ಚು ಅವಳ ನೋಟದಲ್ಲಿ ಕುತೂಹಲವಿತ್ತು, ಹುಳ ಹಿಡಿದ ಬದನೆಯನ್ನು ತಿರುಗಿಸಿ ನೋಡುವವರ ಹಾಗೆ.

"ಅಷ್ಟೂ ನೆನಪಿತ್ತೇನು?"

"ಇತ್ತು."

"ಅಷ್ಟು ನೆನಪಿದ್ದವಗ ಬರಿಯಾಕ ಏನಾಗಿತ್ತಪ್ಪ?"

ಈ ಪ್ರಶ್ನೆಗೆ ಸಮಾನಾರ್ಥಕ ಶಬ್ದಗಳ ನನ್ನ ನೋಟುಬುಕ್ಕಿನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಅಲ್ಲಿಂದ ಇಲ್ಲಿಯವರೆಗೆ ಯಾರು ಏನೇ ಕೇಳಿದರೂ ನನಗೆ ಈ ಪ್ರಶ್ನೆಯೇ ಮೊದಲು ಕೇಳಿಸುತ್ತದೆ. ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ನಾನು ಹೇಳದೆ ಬಿಡುವುದಿಲ್ಲವೆಂದರೆ, ಅದಕ್ಕೆ ಕಾರಣ ಇಷ್ಟೇ.

ನಾನು ಎದ್ದು ಒಳಗೆ ಹೋಗಿ ಸಾಹೇಬರಿಗೆ ಹೇಳಿದೆ. ನಿಂತುಕೊಂಡು, ಇಂಗ್ಲಿಷಿನಲ್ಲಿ, ಬರೆದದ್ದೊಂದು ಓದಿ ಹೇಳಿದ್ದೊಂದು ಆದ ಸಂಗತಿಯನ್ನು ಹೇಳಿದೆ. ಅವರು ಹಣೆ ಒತ್ತಿಕೊಂಡರು.

"ನಾನು ಸರಳಮಾಡು ಎಂದಿದ್ದೆ. ಇಲ್ಲದಂತೆ ಮಾಡು ಎಂದಿದ್ದೆನೇ?" ಎಂದರು. ನ್ಯಾಯವಾದ ಮಾತು. ಆಮೇಲೆ ಅವರು ಒಂದು ಕೆಲಸ ಮಾಡಿದರು. ಕುರ್ಚಿಯಿಂದ ಎದ್ದು ತಾವೇ ಪಡಸಾಲೆಗೆ ಬಂದು, ನೆಲದ ಮೇಲೆ ಕೂತಿದ್ದ ಬಸಮ್ಮನನ್ನು ತೆಲುಗಿನಲ್ಲಿ ಕೇಳಿದರು: "ಏಮಮ್ಮಾ, ಏಮಿ ಜರಿಗಿಂದಿ?" ಏನಮ್ಮ, ಏನಾಯಿತು?

ಬಸಮ್ಮ ತಲೆ ಎತ್ತಿದಳು. "ಚೆಪ್ತಾ ಸಾಮಿ" ಎಂದಳು. ಹೇಳತೀನಿ ಸ್ವಾಮಿ. ಹೇಳಿಯೇ ಬಿಟ್ಟಳು. ನಮ್ಮ ಸೀಮೆಯಲ್ಲಿ ತೆಲುಗು ಬಾರದವರು ಯಾರಿದ್ದಾರೆ? ಅವಳ ತಾಯಿಯ ತವರೇ ಆದವಾನಿ ಕಡೆಯಂತೆ. ಒಂಬತ್ತು ಗದ್ದೆ, ಹೆಂಟೆ, ಹೆಬ್ಬೆಟ್ಟು, ಹೂಳು, ನೆಂಟರ ಮನೆಯ ಊಟ. ಆ ಊಟಕ್ಕೆ ಸಾಹೇಬರು ಜೋರಾಗಿ ನಕ್ಕರು. ಕಾಲು ಗಂಟೆಯೂ ಹಿಡಿಯಲಿಲ್ಲ. ಇಂಗ್ಲಿಷಿನ ಅಗತ್ಯ ಎಲ್ಲಿಯೂ ಬೀಳಲಿಲ್ಲ. ನನ್ನದೂ ಬೀಳಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಎಡಗಡೆ.

ಸಾಹೇಬರು ಒಳಗೆ ಹೋದ ಮೇಲೆ ಬಸಮ್ಮ ನನ್ನ ಕಡೆ ತಿರುಗಿದಳು. "ಅವರಿಗೆ ತೆಲುಗು ಬರತೈತಂತ ಮೊದಲ ಯಾಕ ಹೇಳಲಿಲ್ಲಪ್ಪ?"

"ಕಚೇರಿ ಭಾಷಿ ಇಂಗ್ಲೀಷವ್ವ. ಅದು ನಿಯಮ."

"ಹೌದೇನು" ಎಂದಳು, ನನ್ನ ಬಗ್ಗೆ ಮರುಕಪಟ್ಟವಳಂತೆ.

ಹೇಳಿಕೆಯನ್ನು ಹೊಸದಾಗಿ ಬರೆಯಲು ಹುಕುಂ ಆಯಿತು. ಬರೆದೆ. ಒಂದೊಂದು ಗದ್ದೆಯ ಹೆಸರು, ಹೆಂಟೆಯ ಅಳತೆ, ಅದು ಒಣಗಿದರೆ ಏನು, ನೀರಗಂಟಿ ಯಾವ ದಂಡೆ ಹಿಡಿದು ಹೋಗಬೇಕು, ಎಲ್ಲ. ಹದಿನಾಲ್ಕು ಪುಟವಾಯಿತು. ಈ ಸಲ ಕಾಗದದಲ್ಲಿ ಇದ್ದದ್ದನ್ನೇ, ಬೆರಳಿಟ್ಟು, ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳತೊಡಗಿದೆ. ಒಂಬತ್ತನೆಯ ಪುಟಕ್ಕೆ ಬಸಮ್ಮ ಆಕಳಿಸಿದಳು.

"ತಮ್ಮ, ಸಾಕು. ಇಷ್ಟುದ್ದ ಬರದ್ರ ಯಾರು ಓದತಾರ? ಒಂಚೂರು ಸಣ್ಣದು ಮಾಡಪ್ಪ."

ನಾನು ಮಾಡಲಿಲ್ಲ. ಹದಿನಾಲ್ಕನ್ನೂ ಓದಿ ಮುಗಿಸಿದ ಮೇಲೆಯೇ ಹೆಬ್ಬೆಟ್ಟು ತೆಗೆದು ಒಳಗಿಟ್ಟೆ. ಸಾಹೇಬರು ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, ಕೊನೆಯ ಪುಟದ ಅಂಚಿನಲ್ಲಿ ಬರೆದರು: ಹಿಂದಿನ ಹುಕುಂ ತಡೆಹಿಡಿಯಲಾಗಿದೆ; ಮುಂದಿನ ಆದೇಶದವರೆಗೆ ಹಳೆಯ ಪದ್ಧತಿಯೇ ನಡೆಯತಕ್ಕದ್ದು. ಬಸಮ್ಮನ ಮಾತು ಕಿವಿಯಾರೆ ಕೇಳಿದ್ದಕ್ಕೆ ಹಾಗೆ ಬರೆದರೋ, ಹದಿನಾಲ್ಕು ಪುಟ ಓದಿ ತೀರ್ಮಾನ ಮಾಡುವ ಕೆಲಸವನ್ನು ಮುಂದೆ ಬರುವವರಿಗೆ ಬಿಟ್ಟರೋ, ನಾನು ಸಾಕ್ಷಿ ಹೇಳಲಾರೆ. ನನಗೂ ಒಂದು ಮೆಮೊ ಬಂತು. ತಪ್ಪಿಗೆ ವಿವರಣೆ ಕೊಡಬೇಕು, ವಿವರಣೆ ಸಂಕ್ಷಿಪ್ತವಾಗಿರಬೇಕು. ನಾಲ್ಕು ಪುಟ ಬರೆದುಕೊಟ್ಟೆ. ಅದನ್ನು ನೋಡಿ ನನ್ನನ್ನು ದಾಖಲೆ ಕೋಣೆಗೆ ಹಾಕಿದರು. ಅಲ್ಲಿ ಹಳೆಯ ಕಾಗದಗಳನ್ನು ಇದ್ದಹಾಗೆ ಇಡುವುದೇ ಕೆಲಸ. ಶಿಕ್ಷೆ ಎಂದು ಹಾಕಿದರು, ನಾನು ಮೊದಲ ಬಾರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆದರೆ ಆ ವರ್ಷದ ಬೆಳೆಯನ್ನು ಯಾವ ತಡೆಯಾಜ್ಞೆಯೂ ತಿರುಗಿ ತರಲಿಲ್ಲ. ಬಸಮ್ಮ ಆ ವರ್ಷ ಸಿರಿಗೇರಿಯಲ್ಲಿದ್ದ ತಮ್ಮನ ಮನೆಯ ಜೋಳ ತಿಂದಳು. ಭತ್ತ ಬೆಳೆಯುವವಳಿಗೆ ಅದು ಎಂಥ ಮಾತೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಮರುವರ್ಷ ಮೊದಲ ನೀರಿನ ದಿನ ನಾನು ರಜೆ ಹಾಕಿ ಕರೂರಿಗೆ ಹೋದೆ. ಯಾರೂ ಕರೆದಿರಲಿಲ್ಲ. ನಾನು ಹದಿನಾಲ್ಕು ಪುಟ ಬರೆದದ್ದನ್ನು ಒಮ್ಮೆಯೂ ಕಣ್ಣಿನಿಂದ ನೋಡಿರಲಿಲ್ಲ ಎಂಬುದು ದಾಖಲೆ ಕೋಣೆಯಲ್ಲಿ ಕೂತಾಗ ಹೊಳೆದಿತ್ತು. ಎಂಟೂ ಗದ್ದೆಗಳ ಬಾಯಿಗೆ ಮಣ್ಣು ಮೆತ್ತಿದ್ದರು. ಹಿಂದಿನ ದಿನವೇ ಹೂಳು ತೆಗೆದು ದಂಡೆಗೆ ಹಾಕಿದ್ದರು. ನೀರು ನಾನು ಎಣಿಸಿದ್ದಕ್ಕಿಂತ ನಿಧಾನವಾಗಿ, ಕಸಕಡ್ಡಿ ತಳ್ಳಿಕೊಂಡು, ಕೆಂಪಗೆ ಬಂತು. ಬಸಮ್ಮ ಸೀರೆ ಎತ್ತಿ ಕಟ್ಟಿ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮಣ್ಣು ಮೆತ್ತಗಾದ ಮೇಲೆ ಎರಡು ಕೈಯಿಂದ ಬಾಚಿ, ಉಂಡೆ ಮಾಡಿ, ನೀರಗಂಟಿಯ ಕೈಗಿಟ್ಟಳು. "ಎಲ್ಲೂ ಉಣ್ಣಾಕ ಕುಂದರಬ್ಯಾಡಲೇ" ಎಂದಳು.

ನಾನು ಅವನ ಹಿಂದೆ ದಂಡೆಯ ಮೇಲೆ ನಡೆದೆ. ರುದ್ರಗೌಡ ತನ್ನ ಗದ್ದೆಯ ಬದುವಿನ ಮೇಲೆ ನಿಂತಿದ್ದ. ಹೆಂಟೆ ಇಸಿದುಕೊಂಡು, ಹೆಬ್ಬೆರಳಿನಿಂದ ಒತ್ತಿ, ಬೆರಳು ನೋಡಿಕೊಂಡು, "ಹಸಿ ಐತಿ" ಎಂದ. ಸಲಿಕೆ ಎತ್ತಿ ತನ್ನ ಗದ್ದೆಯ ಬಾಯಿ ಬಿಚ್ಚಿದ. ಅಷ್ಟೇ. ಇಡೀ ವಿಧಿಯಲ್ಲಿ ಎರಡೇ ಶಬ್ದ.

ತಿರುಗಿ ಬರುವಾಗ ಹೆಂಟೆಯನ್ನು ಬೇಡಿ ತಂದೆ. ಬಸಮ್ಮ ನನ್ನ ಕೈಯಲ್ಲಿ ಅದನ್ನು ನೋಡಿದಳು.

"ಒಯ್ತೀಯೇನು?"

"ಒಯ್ಯಲೇನವ್ವ?"

"ಒಯ್ಯಿ. ಇದನ್ನರ ಸಣ್ಣದು ಮಾಡಬ್ಯಾಡ."

ಆಮೇಲೆ ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಸಾಹೇಬರು ಆಂಧ್ರದ ಕಡೆ ಹೋದರು. ಕಾಗದಗಳು ಕೆಲವು ಅತ್ತ ಹೋದವು, ಕೆಲವು ಇತ್ತ ಉಳಿದವು. ಮುಂದಿನ ಆದೇಶ ಯಾವ ಕಡೆ ಹೋಯಿತೋ ಬರಲೇ ಇಲ್ಲ. ಬರುವವರೆಗೆ ಹಳೆಯ ಪದ್ಧತಿ ನಡೆಯಬೇಕೆಂಬುದು ಸರ್ಕಾರಿ ಹುಕುಂ.

ಸೊಸೆಗೆ ಇಷ್ಟನ್ನೂ ಹೇಳಿದೆ. ಎರಡು ದಿನ ಹಿಡಿಯಿತು. ಮೂರನೆಯ ದಿನ ಅವಳು ಮೇಜು ಒರೆಸುತ್ತ, ಹೆಂಟೆಯ ಸುತ್ತ ಬಿದ್ದಿದ್ದ ಪುಡಿಯನ್ನು ಒರೆಸುಬಟ್ಟೆಯಲ್ಲಿ ಜಾಡಿಸದೆ, ಒಂದು ಕಾಗದದ ಮೇಲೆ ತೆಗೆದು ನನ್ನ ಮುಂದೆ ಹಿಡಿದಳು.

"ದಿನಾ ಇಷ್ಟಿಷ್ಟ ಉದುರತೈತ್ರಿ ಮಾವಾರ. ಏನ್ ಮಾಡ್ಲಿ?"

ನಾನು ನನ್ನ ಖಾಲಿ ನಶ್ಯದ ಡಬ್ಬಿ ಕೊಟ್ಟೆ. ಸೀತಾಫಲದಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಗಿದೆ ಎಂದು ಮೊದಲೇ ಹೇಳಿದ್ದೇನೆ. ಅದು ತಾನಾಗಿ ಉದುರುತ್ತಿದೆ. ನಾನು ಸಣ್ಣದು ಮಾಡುತ್ತಿಲ್ಲ. ಇದನ್ನು ದಯವಿಟ್ಟು ಯಾರೂ ಹೊಡೆದುಹಾಕದೆ, ಇದ್ದ ಹಾಗೆ ಬರೆದುಕೊಳ್ಳಬೇಕು.